ತಿವೋಲಿಯ ನೀರೂ ಘಟಪ್ರಭೆಯ ನೀರೂ: ಸಮ್ಮೇಳನ ಪ್ರವಾಸವನ್ನು ಕುರಿತು ಒಂದು ವಿವೇಚನೆ

1. ಉದ್ದೇಶ

ವಿದ್ವತ್ಸಮ್ಮೇಳನಗಳಿಗೆ ಹೋದವರು ಗೋಷ್ಠಿಗಳ ನಡುವಣ ಬಿಡುವಿನಲ್ಲಿ ಸಮೀಪದ ಐತಿಹಾಸಿಕ ನಗರವೊಂದನ್ನು ನೋಡಿ ಬರುವುದು ಎಲ್ಲ ದೇಶಗಳಲ್ಲಿಯೂ ರೂಢಿಯಲ್ಲಿರುವ ಪದ್ಧತಿ. ಇಟಲಿ ದೇಶವು ಇದಕ್ಕೆ ವಿಶೇಷವಾಗಿ ಹೆಸರಾಗಿದೆ. 1935ರಲ್ಲಿ ಪ್ರಾಚ್ಯವಿದ್ಯಾ ಪಂಡಿತರ ಹತ್ತೊಂಬತ್ತನೆಯ ಅಂತರರಾಷ್ಟ್ರೀಯ ಸಮ್ಮೇಳನವು ರೋಮಿನಲ್ಲಿ ಸೇರಿತು. 1958ರಲ್ಲಿ ತತ್ತ್ವಶಾಸ್ತ್ರಜ್ಞರ ಹನ್ನೆರಡನೆಯ ಸಮ್ಮೇಳನವು ವೆನಿಸ್ ಮತ್ತು ಪಾದುವಾ ನಗರಗಳಲ್ಲಿ ನಡೆಯಿತು. ವಿಶ್ವ ಸಂಸ್ಕೃತ ಸಮ್ಮೇಳನವು 1975ರಲ್ಲಿಯೂ 2000ದಲ್ಲಿಯೂ ತುರಿನ್ ನಗರದಲ್ಲಿ ಸಮಾವೇಶಗೊಂಡಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಕೇಂದ್ರವು 1951ರಿಂದ ರೋಮಿನಲ್ಲಿರುವುದರಿಂದ ನೀರು, ನೆಲ, ಬೆಳೆಗಳನ್ನು ಕುರಿತ ಸಭೆಗಳಿಗೆ ಭಾರತದ ತಜ್ಞರು ಅಲ್ಲಿಗೆ ಹೋಗುತ್ತಲೇ ಇರುತ್ತಾರೆ.

ಇಂಥ ಪ್ರವಾಸಗಳು ವಿನೋದಕ್ಕಾಗಿ ಮಾತ್ರವೆ, ಅಥವಾ ಅವುಗಳಿಂದ ಅಧ್ಯಯನಕ್ಕೂ ಪ್ರಯೋಜನವುಂಟೆ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಪರದೇಶದ ಊರೊಂದನ್ನು ನೋಡಿದವನು ತನ್ನ ನಾಡಿನ ಊರನ್ನು ಹೊಸ ಪ್ರಶ್ನೆಗಳೊಡನೆ ನೋಡಬಲ್ಲವನಾದರೆ ಆ ಪ್ರವಾಸವು ಸಾರ್ಥಕವೆನ್ನಬೇಕು. ಪ್ರಸ್ತುತ ಲೇಖನದಲ್ಲಿ ರೋಮಿನ ಸಮೀಪದ ತಿವೋಲಿ ನಗರವನ್ನು ಒಂದು ಕಡೆಗೂ, ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳನ್ನು ಮತ್ತೊಂದು ಕಡೆಗೂ ಇರಿಸಿ ಈ ಮಾತನ್ನು ಪರಿಶೀಲಿಸಲಾಗಿದೆ. ಇವೆರಡೂ ನೀರಿನಿಂದ ಬೆಳೆದ ಪ್ರದೇಶಗಳು. ಬಂಡೆಯಿಂದ ಧುಮುಕುವ ನದಿ, ಅದರ ಅಂಚಿನಲ್ಲಿ ದೇವಾಲಯ, ನೆಲದೊಳಗಣ ಕೊಳವೆಗಳಿಂದ ಊರಿಗೆ ಬಂದ ನೀರು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದೇ ನದಿಯಿಂದ ಪಡೆದ ಯಂತ್ರಶಕ್ತಿ, ಕಡೆಗೆ ಅದೇ ನದಿಯಿಂದ ಒದಗಿದ ಪ್ರವಾಹದ ಭಯ: ಇಷ್ಟೂ ಅಂಶಗಳು ಎರಡು ಕಡೆಯೂ ಕಾಣಬರುತ್ತವೆ.

2. ನದಿ ಮತ್ತು ಶಿಲೆ

ತಿವೋಲಿಯು ರೋಮಿನಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಬೆಟ್ಟದ ಇಳಿಜಾರಿನ ಮೇಲೆ ನಿಂತಿದೆ. ಪ್ರಾಚೀನ ರೋಮನರು ಇದನ್ನು ತಿಬುರ್ ಎಂದು ಕರೆಯುತ್ತಿದ್ದರು. ತೈಬರ್ ನದಿಯ ಉಪನದಿಯಾದ ಆನಿಯೆನೆ ಇಲ್ಲಿ ಬೆಟ್ಟದಿಂದ ಬಯಲಿಗೆ ಧುಮುಕುತ್ತದೆ. ಕಮರಿಯ ಅಂಚಿನಲ್ಲಿ ಕ್ರಿ. ಪೂ. ಒಂದನೆಯ ಶತಮಾನದ ವೃತ್ತಾಕಾರದ ದೇವಾಲಯವೊಂದಿದೆ. ಈ ಪ್ರದೇಶದ ನೀರಿನಲ್ಲಿ ಸುಣ್ಣದ ಅಂಶವು ಹೆಚ್ಚಾಗಿರುವುದರಿಂದ ಅದು ಹರಿದೆಡೆಯಲ್ಲೆಲ್ಲ ಪದರಪದರವಾಗಿ ಸುಣ್ಣವನ್ನು ಬಿಟ್ಟು ಹೋಗುತ್ತದೆ. ಹೀಗೆ ಸಂಚಯಗೊಂಡ ಶಿಲೆಯೇ ಟ್ರಾವರ್ಟೈನ್. ರೋಮನರ ಮಾತಿನಲ್ಲಿ ತಿಬುರಿನ ಕಲ್ಲು. ರೋಮಿನ ಕೊಲೋಸಿಯಮ್ ಎಂಬ ಮಹಾರಂಗಮಂದಿರದ ಮುಖ್ಯ ಕಂಬ ಕಮಾನುಗಳು ಈ ಕಲ್ಲಿನವು.

ಘಟಪ್ರಭೆಯ ರೀತಿ ಇದಕ್ಕೆ ವಿರುದ್ಧವಾದುದು. ಪಶ್ಚಿಮ ಘಟ್ಟಗಳಲ್ಲಿ ಹುಟ್ಟಿ ಪೂರ್ವಾಭಿಮುಖವಾಗಿ ಹರಿದು ಕೃಷ್ಣೆಯನ್ನು ಸೇರುವ ಈ ನದಿಯು ಗೋಕಾಕ ಪಟ್ಟಣದಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿ ಮರಳುಗಲ್ಲಿನ ಬಂಡೆಯ ಮೇಲಿನಿಂದ ಸುಮಾರು 52 ಮೀಟರ್, ಅಂದರೆ 170 ಅಡಿ, ಕೆಳಕ್ಕೆ ಬೀಳುತ್ತದೆ. ಜಲಪಾತದ ನೆತ್ತಿಯು ಕುದುರೆಯ ಲಾಳದ ಆಕಾರದಲ್ಲಿದೆ. ಪ್ರವಾಹಕಾಲದಲ್ಲಿ ಅದರ ಅಗಲ ಸುಮಾರು 177 ಮೀಟರ್. ಇಲ್ಲಿಯ ಶಿಲೆಯು ಕಲಾದಗಿ ಶಿಲಾಸಮೂಹಕ್ಕೆ ಸೇರಿದ್ದು, ಅತ್ಯಂತ ಗಡುಸಾದುದು. ಆದರೂ ನೀರಿನ ನಿರಂತರವಾದ ಹೊಡೆತಕ್ಕೆ ಅದು ಸವೆಯುತ್ತ ಬಂದಿದೆ. ಲಾಳದ ಆಕಾರಕ್ಕೆ ಈ ಸವೆತವೇ ಕಾರಣ. ತಿವೋಲಿಯಲ್ಲಿ ನೀರು ಕಲ್ಲನ್ನು ಕಟ್ಟುತ್ತದೆ. ಗೋಕಾಕದಲ್ಲಿ ನೀರು ಕಲ್ಲನ್ನು ಕಡಿಯುತ್ತದೆ. ಭೂಗೋಳವನ್ನು ಬೋಧಿಸುವ ಉಪಾಧ್ಯಾಯರಿಗೆ ಇದಕ್ಕಿಂತ ಸ್ಪಷ್ಟವಾದ ಜೋಡಿ ಉದಾಹರಣೆ ದೊರೆಯುವುದು ಕಷ್ಟ.

ಗೋಕಾಕದ ಜಲಪಾತದ ದಂಡೆಯ ಮೇಲೆ ಚಾಳುಕ್ಯ ಶೈಲಿಯ ಮಹಾಲಿಂಗೇಶ್ವರ ದೇವಾಲಯವಿದೆ. ನೀರು ಕೆಳಕ್ಕೆ ಬೀಳುವ ಎಡೆಯಲ್ಲಿ ದೇವತಾಸನ್ನಿಧಿಯನ್ನು ಕಲ್ಪಿಸುವ ಭಾವನೆಯು ಎರಡು ದೇಶಗಳಲ್ಲಿಯೂ ಸಮಾನವಾಗಿದ್ದುದನ್ನು ಇಲ್ಲಿ ಗಮನಿಸಬಹುದು.

3. ಕೊಳವೆ ಮತ್ತು ಕಾರಂಜಿ

ಆನಿಯೆನೆ ಕಣಿವೆಯ ನೀರನ್ನು ರೋಮಿಗೆ ಒಯ್ದ ಕಾಲುವೆಗಳು ನಾಲ್ಕು. ಮೊದಲನೆಯದು ಕ್ರಿ. ಪೂ. 272ರಲ್ಲಿಯೂ, ಎರಡನೆಯದಾದ ಮಾರ್ಸಿಯಾ ಕಾಲುವೆಯು ಕ್ರಿ. ಪೂ. 144ರಲ್ಲಿಯೂ ಆರಂಭವಾದವು. ಉಳಿದೆರಡು ಕ್ರಿ. ಶ. 52ರಲ್ಲಿ ಕ್ಲಾಡಿಯಸ್ ಚಕ್ರವರ್ತಿಯ ಕಾಲದಲ್ಲಿ ಪೂರ್ಣಗೊಂಡವು. ಕ್ರಿ. ಶ. 97ರಲ್ಲಿ ಈ ಕಾಲುವೆಗಳ ಮೇಲ್ವಿಚಾರಕನಾಗಿ ನೇಮಕಗೊಂಡ ಫ್ರಾಂಟಿನಸ್ ಎಂಬ ಅಧಿಕಾರಿಯು ಪ್ರತಿಯೊಂದು ಕಾಲುವೆಯ ಮೂಲ, ಉದ್ದ, ನೀರಿನ ಪ್ರಮಾಣಗಳನ್ನು ಅಳೆದು ಗ್ರಂಥವಾಗಿ ಬರೆದಿಟ್ಟನು. ಯಾರು ಕಳ್ಳತೂಬುಗಳನ್ನಿಟ್ಟು ನೀರನ್ನು ಕದಿಯುತ್ತಿದ್ದರೆಂಬುದನ್ನು ಸಹ ಅವನು ಮರೆಮಾಚದೆ ಹೇಳಿದ್ದಾನೆ. ಇಂದು ಆ ಕಾಲುವೆಗಳು ಬಹುಮಟ್ಟಿಗೆ ಹಾಳಾಗಿದ್ದರೂ ಅವುಗಳ ಲೆಕ್ಕವು ಉಳಿದುಕೊಂಡಿರುವುದು ಈ ಗ್ರಂಥದಿಂದಲೇ.

1550ರಲ್ಲಿ ಎರಡನೆಯ ಇಪ್ಪೋಲಿತೊ ದ ಎಸ್ತೆ ಎಂಬ ಧರ್ಮಾಧಿಕಾರಿಯು ತಿವೋಲಿಯ ಆಡಳಿತಗಾರನಾಗಿ ಬಂದನು. ಹಳೆಯ ಮಠವೊಂದನ್ನು ಅರಮನೆಯನ್ನಾಗಿ ಮಾರ್ಪಡಿಸಿ, ಅದರ ಕೆಳಗಿನ ಇಳಿಜಾರಿನಲ್ಲಿ ಪ್ರಸಿದ್ಧವಾದ ಉದ್ಯಾನವನ್ನು ಅವನು ನಿರ್ಮಿಸಿದನು. ಪಿರ್ರೊ ಲಿಗೋರಿಯೊ ಇದರ ಯೋಜಕನು. ಆನಿಯೆನೆಯ ನೀರನ್ನು ಊರಿನ ಅಡಿಯಲ್ಲಿ ಕೊರೆದ ಕಾಲುವೆಯಿಂದ ತಂದು ಉದ್ಯಾನದ ನೆತ್ತಿಯಲ್ಲಿ ಸಂಗ್ರಹಿಸಲಾಯಿತು. ಅಲ್ಲಿಂದ ಕೆಳಗಿಳಿಯುವ ನೀರು ತನ್ನ ಭಾರದಿಂದಲೇ ಕಾರಂಜಿಗಳಾಗಿ ಚಿಮ್ಮುತ್ತದೆ. ಯಾವ ಯಂತ್ರದ ನೆರವೂ ಇದಕ್ಕೆ ಬೇಕಿಲ್ಲ. ಗಾಳಿಯನ್ನು ನೀರಿನಿಂದ ಒತ್ತಿ ವಾದ್ಯವನ್ನು ನುಡಿಸುವ ಕಾರಂಜಿಯೂ ಅಲ್ಲಿದೆ.

ಇದೇ ಹದಿನಾರನೆಯ ಶತಮಾನದಲ್ಲಿ ಹುಕ್ಕೇರಿಯು ವಿಜಾಪುರದ ಆದಿಲ್‌ಶಾಹಿ ಅರಸರ ಅಧಿಕಾರಿಗಳ ಕೇಂದ್ರವಾಗಿದ್ದಿತು. 'ಹೂವಿನ ಕೇರಿ' ಎಂಬುದೇ ಹುಕ್ಕೇರಿಯಾಯಿತೆಂದೂ, ಇಲ್ಲಿಯ ಗುಲಾಬಿ ಹೂಗಳು ವಿಜಾಪುರದ ಅರಮನೆಗೆ ಹೋಗುತ್ತಿದ್ದುವೆಂದೂ ಸ್ಥಳೀಯರು ಹೇಳುತ್ತಾರೆ. ಹೆಸರಿನ ವ್ಯುತ್ಪತ್ತಿಯು ಹೇಗೇ ಇರಲಿ, ಹೂದೋಟಕ್ಕೆ ವರ್ಷವಿಡೀ ನೀರು ಬೇಕೆಂಬುದು ನಿಶ್ಚಯ. ಊರಿನಲ್ಲಿ ಉಳಿದಿರುವ ಗುಮ್ಮಟಗಳೂ, ನೆಲದೊಳಗಣ ಕೊಳವೆಗಳ ಮೂಲಕ ನೀರನ್ನು ತಂದ ವ್ಯವಸ್ಥೆಯ ಅವಶೇಷಗಳೂ ಆ ಕಾಲದ ಸಾಕ್ಷಿಗಳಾಗಿವೆ. ಗುಮ್ಮಟವನ್ನು ನೋಡಲು ಬಂದವರಲ್ಲಿ ಕೊಳವೆಯನ್ನು ಹುಡುಕುವವರು ವಿರಳ.

ಇಂಥ ವ್ಯವಸ್ಥೆಯ ತತ್ತ್ವವನ್ನು ಆದಿಲ್‌ಶಾಹಿ ರಾಜಧಾನಿಯಾದ ವಿಜಾಪುರದ ಉದಾಹರಣೆಯಿಂದ ಚೆನ್ನಾಗಿ ತಿಳಿಯಬಹುದು. ಅಲ್ಲಿ 1651ರಲ್ಲಿ ಕಟ್ಟಿದ ಬೇಗಮ್ ತಲಾಬಿನಿಂದ ನಗರಕ್ಕೆ ಮಣ್ಣಿನ ಕೊಳವೆಗಳನ್ನು ಗಾರೆಯಲ್ಲಿ ಹುದುಗಿಸಿ ನೀರನ್ನು ತಂದರು. ಕೊಳವೆಯು ಎತ್ತರದಿಂದ ತಗ್ಗಿಗೆ ಇಳಿದಂತೆಲ್ಲ ಒಳಗಿನ ಒತ್ತಡವು ಹೆಚ್ಚುತ್ತದೆ. ಪ್ರತಿ 10 ಮೀಟರ್ ಇಳಿತಕ್ಕೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಮಿನಷ್ಟು ಒತ್ತಡವು ಏರುತ್ತದೆ. ಸುಟ್ಟ ಮಣ್ಣಿನ ಕೊಳವೆಯು ಇಂಥ ಒತ್ತಡವನ್ನು ಬಹಳವಾಗಿ ತಾಳಲಾರದು. ಆದುದರಿಂದ ನಡುನಡುವೆ 'ಗಂಜ್' ಎಂಬ ಕಲ್ಲಿನ ಗೋಪುರಗಳನ್ನು ಕಟ್ಟಿ, ನೀರನ್ನು ಅವುಗಳೊಳಗೆ ಮೇಲಕ್ಕೇರಿಸಿ ಮತ್ತೆ ಇಳಿಸುತ್ತಿದ್ದರು. ಇದರಿಂದ ಒತ್ತಡವು ಮುರಿಯುತ್ತಿತ್ತು. ಸಿಕ್ಕಿಕೊಂಡ ಗಾಳಿಯು ಹೊರಬೀಳುತ್ತಿತ್ತು. ಕೆಸರು ತಳದಲ್ಲಿ ನಿಲ್ಲುತ್ತಿತ್ತು. ಒಂದೇ ಗೋಪುರದಿಂದ ಮೂರು ಪ್ರಯೋಜನಗಳು.

ಕಾರಂಜಿಯ ತತ್ತ್ವವೂ ಇದೇ ಆಗಿದೆ. ಚಿಮ್ಮುವ ನೀರು ತನ್ನ ಮೂಲದ ಮಟ್ಟವನ್ನು ಮೀರಿ ಏರಲಾರದು. ಆದುದರಿಂದ ಕಾರಂಜಿಯು ಇದ್ದೆಡೆಯಲ್ಲಿ ಅದಕ್ಕಿಂತ ಎತ್ತರವಾದ ಜಲಮೂಲವೊಂದು ಇದ್ದೇ ಇರಬೇಕು. ಹುಕ್ಕೇರಿಯಂಥ ಊರಿನಲ್ಲಿ ಕೊಳವೆಯ ಬಾಯಿಯೊಂದು ಕಂಡರೆ ಮಟ್ಟದ ಉಪಕರಣವನ್ನಿಟ್ಟು ಮೂಲವು ಯಾವ ದಿಕ್ಕಿನಲ್ಲಿ, ಎಷ್ಟು ಎತ್ತರದಲ್ಲಿ ಇದ್ದಿರಬೇಕೆಂಬುದನ್ನು ವಿದ್ಯಾರ್ಥಿಗಳೇ ಊಹಿಸಬಹುದು. ಇತಿಹಾಸ, ಭೌತಶಾಸ್ತ್ರಗಳೆರಡಕ್ಕೂ ಅಲ್ಲಿ ಒಂದೇ ಪಾಠವಿದೆ.

4. ಜಲಶಕ್ತಿ

ಹತ್ತೊಂಬತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಈ ಎರಡು ಜಲಪಾತಗಳೂ ಕೈಗಾರಿಕೆಯ ಕಣ್ಣಿಗೆ ಬಿದ್ದವು. ಗೋಕಾಕದಲ್ಲಿ ಜಲಶಕ್ತಿಯಿಂದ ನಡೆಯುವ ನೂಲಿನ ಗಿರಣಿಯು 1887ರಲ್ಲಿ ಕೆಲಸವನ್ನಾರಂಭಿಸಿತು. ಸುತ್ತಣ ಎರೆಭೂಮಿಯಲ್ಲಿ ಹತ್ತಿಯು ಬೆಳೆಯುತ್ತಿದ್ದಿತು; ಕಲ್ಲಿದ್ದಲು ಮಾತ್ರ ಇರಲಿಲ್ಲ. ಇಲ್ಲಿ ಗಿರಣಿಯನ್ನು ನಡೆಸಲು ಜಲಪಾತವೇ ಕಲ್ಲಿದ್ದಲಿನ ಬದಲು ಒದಗಿತು.

ಜಲಪಾತದ ಶಕ್ತಿಯನ್ನು ಲೆಕ್ಕ ಹಾಕುವುದು ಸುಲಭ. ಸೆಕೆಂಡಿಗೆ ಒಂದು ಘನ ಮೀಟರ್ ನೀರು 52 ಮೀಟರ್ ಕೆಳಕ್ಕೆ ಬಿದ್ದರೆ ಸುಮಾರು 510 ಕಿಲೋವಾಟ್, ಎಂದರೆ ಸ್ಥೂಲವಾಗಿ 680 ಅಶ್ವಶಕ್ತಿ, ದೊರೆಯಬೇಕು. ಯಂತ್ರದಲ್ಲಿ ಕಳೆದುಹೋಗುವ ಭಾಗವನ್ನು ಬಿಟ್ಟರೂ ಅದು ಅಲ್ಪವಾದುದಲ್ಲ. ಆದರೆ ಈ ಶಕ್ತಿಯು ಕಮರಿಯ ತಳದಲ್ಲಿ ಹುಟ್ಟುತ್ತದೆ. ಅದನ್ನು ಬೇಕಾದ ಕಡೆಗೆ ಒಯ್ಯುವುದು ಹೇಗೆ ಎಂಬುದೇ ಆ ಕಾಲದ ಮುಖ್ಯ ಸಮಸ್ಯೆ. ಹಗ್ಗ, ಪಟ್ಟಿ, ದಂಡಗಳಿಂದ ಚಲನೆಯನ್ನು ಸಾಗಿಸುವುದಾದರೆ ಗಿರಣಿಯು ಜಲಪಾತದ ಪಕ್ಕದಲ್ಲಿಯೇ ಇರಬೇಕು. ಗೋಕಾಕದ ಗಿರಣಿಯು ಜಲಪಾತದ ದಂಡೆಯಲ್ಲಿಯೇ ನಿಂತಿರುವುದರ ಅರ್ಥವು ಇದರಿಂದ ಸ್ಪಷ್ಟವಾಗುತ್ತದೆ. ಅಲ್ಲಿ ಕಾರ್ಮಿಕರ ವಸತಿಯೊಂದು ಬೆಳೆದು 'ಗೋಕಾಕ ಫಾಲ್ಸ್' ಎಂಬ ಬೇರೆ ಊರೇ ಆಯಿತು. ನದಿಯ ಮೇಲೆ ಸುಮಾರು 201 ಮೀಟರ್ ಉದ್ದದ ತೂಗುಸೇತುವೆಯೂ ಏರ್ಪಟ್ಟಿತು.

ತಿವೋಲಿಯಲ್ಲಿ 1892ರಲ್ಲಿ ನಡೆದುದು ಮುಂದಿನ ಹೆಜ್ಜೆ. ಆ ವರ್ಷ ಆನಿಯೆನೆಯ ನೀರಿನಿಂದ ಪರ್ಯಾಯ ವಿದ್ಯುತ್ತನ್ನು ಉತ್ಪಾದಿಸಿ, ಸುಮಾರು 28 ಕಿಲೋಮೀಟರ್ ಉದ್ದದ ತಂತಿಯ ಮೂಲಕ ರೋಮಿಗೆ ಒಯ್ದು ದೀಪಗಳನ್ನು ಹೊತ್ತಿಸಿದರು. ಅಲ್ಲಿಂದ ಮುಂದೆ ಶಕ್ತಿಯು ಹುಟ್ಟುವ ಸ್ಥಳಕ್ಕೂ ಉಪಯೋಗವಾಗುವ ಸ್ಥಳಕ್ಕೂ ಸಂಬಂಧವು ಕಡಿಮೆಯಾಯಿತು. ಹತ್ತು ವರ್ಷಗಳ ಬಳಿಕ, 1902ರಲ್ಲಿ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತು ಹರಿದುದು ಇದೇ ಕ್ರಮದಲ್ಲಿ. ಗೋಕಾಕದ 1887ನೆಯ ವರ್ಷವನ್ನು ಪ್ರವಾಸಿ ಕೈಪಿಡಿಗಳು ವಿದ್ಯುತ್ತಿನ ಆರಂಭವೆಂದು ಹೇಳುವುದುಂಟು. ಇತಿಹಾಸದ ವಿದ್ಯಾರ್ಥಿಯಾದರೋ ನೀರಿನಿಂದ ಗಿರಣಿಯು ತಿರುಗಿದುದು, ನೀರಿನಿಂದ ವಿದ್ಯುತ್ತು ಹುಟ್ಟಿದುದು, ಆ ವಿದ್ಯುತ್ತು ದೂರಕ್ಕೆ ಸಾಗಿದುದು ಎಂಬ ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ಇರಿಸಿಕೊಂಡು ವಿಚಾರಿಸತಕ್ಕದ್ದು.

ಈ ಸರಣಿಯ ನಾಲ್ಕನೆಯ ಘಟ್ಟವು ಹುಕ್ಕೇರಿಯಲ್ಲಿ ದೊರೆಯುತ್ತದೆ. 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಭಾರತದಲ್ಲಿ ಪ್ರಾಯೋಗಿಕವಾಗಿ ಮೊದಲು ಏರ್ಪಟ್ಟ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲೊಂದು. ತಿವೋಲಿಯ ವಿದ್ಯುತ್ತು ಮಹಾನಗರಕ್ಕೆ ಹೋಯಿತು; ಗೋಕಾಕದ ಜಲಶಕ್ತಿಯು ಗಿರಣಿಗೆ ದಕ್ಕಿತು; ಹುಕ್ಕೇರಿಯಲ್ಲಿ ಒಕ್ಕಲಿಗರು ತಾವೇ ಸದಸ್ಯರಾಗಿ ವಿದ್ಯುತ್ತನ್ನು ಕೊಂಡು ಹಳ್ಳಿಗಳಿಗೆ ಹಂಚುವ ಏರ್ಪಾಡನ್ನು ಮಾಡಿಕೊಂಡರು. ಶಕ್ತಿಯು ಹೇಗೆ ಹುಟ್ಟುತ್ತದೆ ಎಂಬುದರಷ್ಟೇ ಅದು ಯಾರ ಮನೆಯನ್ನು ಮುಟ್ಟುತ್ತದೆ ಎಂಬುದೂ ಮುಖ್ಯವಾದುದು.

5. ಪ್ರವಾಹ

ನೀರಿನಿಂದ ಬೆಳೆದ ಊರು ನೀರಿಗೆ ಅಂಜಲೂ ಬೇಕಾಗುತ್ತದೆ. 1826ರ ನವೆಂಬರ್ ತಿಂಗಳಲ್ಲಿ ಆನಿಯೆನೆಯು ಉಕ್ಕಿ ಹರಿದು ಕಟ್ಟೆಯನ್ನೊಡೆದು ತಿವೋಲಿಯ ಅನೇಕ ಮನೆಗಳನ್ನು ಕೊಚ್ಚಿಕೊಂಡು ಹೋಯಿತು. ಊರನ್ನು ಉಳಿಸುವುದಕ್ಕಾಗಿ ಬೆಟ್ಟದೊಳಗೆ ಎರಡು ಸುರಂಗಗಳನ್ನು ಕೊರೆದು ನದಿಯನ್ನೇ ಬೇರೆ ಕಡೆಗೆ ತಿರುಗಿಸಲು ನಿರ್ಧರಿಸಲಾಯಿತು. ಹದಿನಾರನೆಯ ಗ್ರೆಗರಿ ಪೋಪರ ಕಾಲದಲ್ಲಿ, 1835ರಲ್ಲಿ, ಈ ಕಾರ್ಯವು ಮುಗಿಯಿತು. ಇಂದು ತಿವೋಲಿಯಲ್ಲಿ ಪ್ರವಾಸಿಗರು ಬೆರಗಿನಿಂದ ನೋಡುವ ಮಹಾಜಲಪಾತವು ಈ ಸುರಂಗಗಳ ಬಾಯಿಂದ ಬೀಳುವ ನೀರು; ಪ್ರಕೃತಿಯ ಕೆಲಸವೆಂದು ತೋರಿದರೂ ಅದು ಪ್ರವಾಹಕ್ಕೆ ಮನುಷ್ಯನು ಕೊಟ್ಟ ಉತ್ತರ.

ಘಟಪ್ರಭೆಯ ನಿಯಂತ್ರಣವು ಬೇರೆ ರೀತಿಯದು. ಜಲಪಾತದ ಮೇಲ್ಭಾಗದಲ್ಲಿ ಧೂಪದಾಳದ ಒಡ್ಡು ನದಿಯ ನೀರನ್ನು ಕಾಲುವೆಗೆ ತಿರುಗಿಸುತ್ತದೆ. ಅದಕ್ಕೂ ಮೇಲೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ರಾಜಾ ಲಖಮಗೌಡ ಜಲಾಶಯವಿದೆ. 1977ರಲ್ಲಿ ಪೂರ್ಣಗೊಂಡ ಇದರ ಸಂಗ್ರಹಶಕ್ತಿ ಸುಮಾರು 51 ಟಿ.ಎಂ.ಸಿ., ಎಂದರೆ 5,100 ಕೋಟಿ ಘನ ಅಡಿ. ಮೂಡಲಗಿಯ ಕಡೆಯ ಕಬ್ಬಿನ ಗದ್ದೆಗಳ ಹಸುರು ಈ ನೀರಿನ ಫಲ. ಬೇಸಿಗೆಯಲ್ಲಿ ಜಲಪಾತವನ್ನು ನೋಡಲು ಬಂದವರು ಬರಿಯ ಬಂಡೆಯನ್ನು ಕಂಡು ನಿರಾಶರಾಗುವುದುಂಟು. ಬಂಡೆಯ ಮೇಲೆ ಕಾಣದ ನೀರನ್ನು ಕಾಲುವೆಯ ಕೆಳಗಣ ಹೊಲಗಳಲ್ಲಿ ಅವರು ಹುಡುಕಬೇಕು.

ಆದರೂ ನಿಯಂತ್ರಣವು ಪೂರ್ಣವಲ್ಲ. ಹಿಡಕಲ್ಲಿನ ಕೆಳಗೆ ಹಿರಣ್ಯಕೇಶಿಯೂ, ಗೋಕಾಕದ ಬಳಿ ಮಾರ್ಕಂಡೇಯವೂ ಘಟಪ್ರಭೆಯನ್ನು ಸೇರುತ್ತವೆ. ಮೂರು ನದಿಗಳ ಮೇಲೆಯೂ ಒಮ್ಮೆಗೆ ಮಳೆ ಸುರಿದು, ತುಂಬಿದ ಜಲಾಶಯದಿಂದಲೂ ನೀರನ್ನು ಬಿಡಬೇಕಾದ ಸಂದರ್ಭ ಬಂದರೆ ಕೆಳಗಣ ಊರುಗಳಿಗೆ ವಿಪತ್ತು ತಪ್ಪಿದ್ದಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಹೀಗೆಯೇ ಆಯಿತು. ಗೋಕಾಕ ಪಟ್ಟಣದ ತಗ್ಗು ಭಾಗಗಳು ನೀರಿನಲ್ಲಿ ಮುಳುಗಿದವು. ಲೋಳಸೂರಿನ ಸೇತುವೆಯ ಮೇಲೆ ನದಿ ಹರಿಯಿತು. ಮೂಡಲಗಿ ತಾಲ್ಲೂಕಿನ ನದೀತೀರದ ಹಳ್ಳಿಗಳೂ ಕಷ್ಟಕ್ಕೆ ಸಿಕ್ಕಿದವು. ತಿವೋಲಿಯ ಉದಾಹರಣೆಯಿಂದ ಇಲ್ಲಿಯೂ ಸುರಂಗ ಕೊರೆಯಬೇಕೆಂದು ಹೇಳುವುದು ಅವಿಚಾರವಾದೀತು. ಆ ನದಿಯು ಕಿರಿದು, ಊರು ಬೆಟ್ಟದ ಮೇಲಿದೆ. ಈ ನದಿಯು ಹಿರಿದು, ಊರು ಬಯಲಿನಲ್ಲಿದೆ. ಅಲ್ಲಿಂದ ಕಲಿಯತಕ್ಕುದು ಬೇರೆಯೊಂದು: ಪ್ರವಾಹವಾದೊಡನೆ ಅದರ ಕಾರಣವನ್ನು ಅಳೆದು, ದಾಖಲಿಸಿ, ಆ ದಾಖಲೆಯ ಆಧಾರದ ಮೇಲೆ ಕಾರ್ಯಕ್ಕೆ ತೊಡಗಿದ ಕ್ರಮ.

6. ಕಲ್ಲು ತಾಮ್ರಗಳ ಸಾಕ್ಷ್ಯ

ಜನರ ಬಾಯಲ್ಲಿ 'ಗೋಕಾವಿ' ಎನಿಸಿಕೊಂಡ ಈ ನಾಡಿನಲ್ಲಿ ದಾಖಲೆಗಳಿಗೆ ಕೊರತೆಯಿಲ್ಲ. ಗೋಕಾಕದಲ್ಲಿ ದೊರೆತ ದೆಜ್ಜ ಮಹಾರಾಜನ ಕಾಲದ ತಾಮ್ರಪಟವು ಸೇಂದ್ರಕ ವಂಶದ ಇಂದ್ರಣಂದನು ಮಾಡಿದ ಜೈನದಾನವನ್ನು ತಿಳಿಸುತ್ತದೆ. ಆಗುಪ್ತಾಯಿಕವೆಂಬ ಅಪರೂಪದ ಶಕೆಯ 845ನೆಯ ವರ್ಷವು ಅದರಲ್ಲಿ ಉಕ್ತವಾಗಿರುವುದರಿಂದ ಕಾಲಗಣನೆಯ ವಿದ್ಯಾರ್ಥಿಗಳಿಗೆ ಅದು ಮುಖ್ಯವಾದುದು. ಘಟಪ್ರಭೆಯ ದಂಡೆಯ ಕೊಣ್ಣೂರಿನಲ್ಲಿ 'ಪಾಂಡವರ ಮನೆ'ಗಳೆಂದು ಜನರು ಕರೆಯುವ ಬೃಹತ್ ಶಿಲಾಗೋರಿಗಳೂ, ರಟ್ಟರ ಕಾಲದ ಶಾಸನವೂ ಇವೆ. ಗೋಕಾಕದಿಂದ ಮೂಡಲಗಿಗೆ ಹೋಗುವ ದಾರಿಯಲ್ಲಿರುವ ಕಲ್ಲೋಳಿಯ 1204ನೆಯ ಇಸವಿಯ ಶಾಸನವು ರಟ್ಟರ ನಾಲ್ಕನೆಯ ಕಾರ್ತವೀರ್ಯನ ಆಳ್ವಿಕೆಯಲ್ಲಿ ಶಾಂತಿನಾಥ ಬಸದಿಗೆ ಕೊಟ್ಟ ದತ್ತಿಯನ್ನು ಹೇಳುತ್ತದೆ. ಮೂಡಲಗಿಯಲ್ಲಿ ಶಿವಬೋಧರಂಗ ಸ್ವಾಮಿಗಳ ಮಠವಿದೆ. ಬೆಳಗಾವಿ ಜಿಲ್ಲೆಯ ಗ್ಯಾಸೆಟಿಯರು ಅಚ್ಚಾದುದು 1884ರಲ್ಲಿ; ಗಿರಣಿಯು ತೊಡಗುವುದಕ್ಕೆ ಮೂರು ವರ್ಷ ಮೊದಲು. ಆದುದರಿಂದ ಗಿರಣಿಗೆ ಮುಂಚಿನ ಗೋಕಾಕವನ್ನು ಅರಿಯಲು ಅದು ವಿಶೇಷವಾದ ಆಧಾರವಾಗಿದೆ.

7. ಉಪಸಂಹಾರ

ತಿವೋಲಿಯ ಹೇಡ್ರಿಯನ್ ಚಕ್ರವರ್ತಿಯ ಅರಮನೆಯು 1999ರಲ್ಲಿಯೂ ಎಸ್ತೆ ಉದ್ಯಾನವು 2001ರಲ್ಲಿಯೂ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅವುಗಳ ಪ್ರತಿಯೊಂದು ಕಾಲುವೆ, ಕೊಳ, ಕೊಳವೆಗಳ ನಕ್ಷೆಯೂ ವಿದ್ವಾಂಸರಿಗೆ ಲಭ್ಯವಾಗಿದೆ. ನಮ್ಮ ಕಡೆಯ ಸ್ಥಿತಿ ಇದಕ್ಕಿಂತ ಭಿನ್ನವಾದುದು. ಬೆಳಗಾವಿಯಲ್ಲಿ ದೊಡ್ಡ ಸಮ್ಮೇಳನಗಳು ನಡೆಯದೆ ಇಲ್ಲ. 1929ರಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಅಧ್ಯಕ್ಷತೆಯಲ್ಲಿಯೂ, 1980ರಲ್ಲಿ ಗೋಕಾಕ ತಾಲ್ಲೂಕಿನವರೇ ಆದ ಬಸವರಾಜ ಕಟ್ಟೀಮನಿಯವರ ಅಧ್ಯಕ್ಷತೆಯಲ್ಲಿಯೂ ಕನ್ನಡ ಸಾಹಿತ್ಯ ಸಮ್ಮೇಳನವು ಅಲ್ಲಿಯೇ ಸೇರಿತು. 2010ರಿಂದ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯವೂ ಅಲ್ಲಿದೆ. ಹೊರಗಿನಿಂದ ಬಂದ ಪ್ರತಿನಿಧಿಗಳು ಜಲಪಾತದ ಎದುರಿಗೆ ಅರ್ಧ ಗಂಟೆ ನಿಂತು, ಕರಿದ ಅಂಟು, ಬೆಲ್ಲ, ಒಣಹಣ್ಣುಗಳಿಂದಾದ ಕರದಂಟನ್ನೂ, ಬಣ್ಣದ ಮರದ ಬೊಂಬೆಗಳನ್ನೂ ಕೊಂಡು ಹಿಂದಿರುಗುವುದು ವಾಡಿಕೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅಷ್ಟಕ್ಕೇ ನಿಲ್ಲುವುದು ನಷ್ಟ.

ಕಾಲೇಜುಗಳ ಇತಿಹಾಸ, ಭೂಗೋಳ, ಭೌತಶಾಸ್ತ್ರ ವಿಭಾಗಗಳು ಕೂಡಿ ಒಂದು ದಿನದ ಕ್ಷೇತ್ರಪ್ರವಾಸವನ್ನು ಹೀಗೆ ಯೋಜಿಸಬಹುದು: ಬೆಳಗ್ಗೆ ಹುಕ್ಕೇರಿಯ ಗುಮ್ಮಟಗಳೂ ಕೊಳವೆಗಳೂ, ಮಧ್ಯಾಹ್ನ ಧೂಪದಾಳದ ಒಡ್ಡು, ಕೊಣ್ಣೂರು ಮತ್ತು ಜಲಪಾತ, ಸಂಜೆ ಕಲ್ಲೋಳಿಯ ಮಾರ್ಗವಾಗಿ ಮೂಡಲಗಿ. ಪ್ರತಿಯೊಂದು ಸ್ಥಳದಲ್ಲಿಯೂ ಮೂರು ಪ್ರಶ್ನೆಗಳನ್ನು ಕೇಳಬೇಕು. ನೀರು ಎಲ್ಲಿಂದ ಬಂದಿತು? ಅದನ್ನು ಪಡೆಯುವ ಹಕ್ಕು ಯಾರದಾಗಿದ್ದಿತು? ಅದರ ಲೆಕ್ಕವು ಎಲ್ಲಿ ಉಳಿದಿದೆ? ಹುಕ್ಕೇರಿಯ ಕೊಳವೆಗಳ ಉದ್ದ, ವ್ಯಾಸ, ಇಳಿಜಾರುಗಳನ್ನು ವಿದ್ಯಾರ್ಥಿಗಳು ಅಳೆದು ನಕ್ಷೆಯಲ್ಲಿ ಗುರುತಿಸಲಿ. 2019ರ ಪ್ರವಾಹದ ಮಟ್ಟವನ್ನು ಕಂಡವರು ಇನ್ನೂ ಅಲ್ಲಿಯೇ ಇರುವಾಗ, ಗೋಡೆಗಳ ಮೇಲಿನ ಗುರುತುಗಳನ್ನು ಅವರಿಂದ ಕೇಳಿ ಬರೆದುಕೊಳ್ಳಲಿ. ಸುಣ್ಣ ಬಳಿದ ಗೋಡೆಯ ಮೇಲೆ ನೀರಿನ ಗುರುತು ಬಹುಕಾಲ ಉಳಿಯುವುದಿಲ್ಲ. ರಸ್ತೆಗಾಗಿ ನೆಲವನ್ನು ಅಗೆದಾಗ ಹಳೆಯ ಕೊಳವೆಯು ಒಡೆದುಹೋದರೆ ಅದನ್ನು ಮತ್ತೆ ಅಳೆಯುವಂತಿಲ್ಲ. ರೋಮಿನ ಕಾಲುವೆಗಳಿಗೆ ಒಬ್ಬ ಫ್ರಾಂಟಿನಸ್ ದೊರೆತಂತೆ ಘಟಪ್ರಭೆಯ ನೀರಿಗೆ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಲೆಕ್ಕಿಗರಾಗಬೇಕಾದುದು ಈಗಿನ ಅಗತ್ಯ.